ಅಭಯ ನೀಡುವ ಅಧಿಕಾರ ಯಾರದು?

ಮಕ್ಕಾ ವಿಜಯದ ದಿನ ಉಮ್ಮು ಹಾನಿ(ರ) ತಮ್ಮ ಆಶ್ರಯ ಕೋರಿದವರಿಗೆ ಅಭಯ ನೀಡಿದ್ದರು. ಸಹೋದರ ಅಲಿ(ರ) ಅದನ್ನು ಒಪ್ಪಲಿಲ್ಲ. ವಿಷಯ ಪ್ರವಾದಿವರ್ಯರ(ಸ) ಮುಂದೆ ಬಂದಾಗ, ಉಮ್ಮು ಹಾನಿ ಅಭಯವಿತ್ತವರಿಗೆ ತಮ್ಮ ಅಭಯವೂ ಇದೆಯೆಂದು ಅವರು ತೀರ್ಪಿತ್ತರು. ನಗರದ ಮೇಲಿನ ಅಧಿಕಾರವೆಲ್ಲ ಅಂದು ಪ್ರವಾದಿವರ್ಯರ ಕೈಯಲ್ಲಿತ್ತು. ಆದರೂ ಒಬ್ಬ ಮಹಿಳೆ ಕೊಟ್ಟ ಮಾತನ್ನು ಆ ಅಧಿಕಾರ ಮುರಿಯಲಿಲ್ಲ.

ದಾಖಲೆಯಿಲ್ಲದ ವಲಸಿಗರ ವಿಚಾರದಲ್ಲಿ ಅಮೆರಿಕದ ಕೇಂದ್ರ ಮತ್ತು ರಾಜ್ಯ ಸರಕಾರಗಳ ನಡುವಿನ ಜಗ್ಗಾಟವನ್ನು ಗಮನಿಸುವಾಗ ನಮಗೆ ಇದು ನೆನಪಾಗುತ್ತದೆ. ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಅಲ್ಲಿ ದೇಶದೊಳಗೆ ಯಾರಿರಬೇಕೆಂದು ನಿರ್ಧರಿಸುವುದು ಕೇಂದ್ರವೇ. 2010ರಲ್ಲಿ ಅರಿಝೋನಾ ರಾಜ್ಯವು ವಿದೇಶಿಯರು ನೋಂದಣಿ ಪತ್ರ ಜೊತೆಗಿಟ್ಟುಕೊಳ್ಳದಿರುವುದನ್ನೂ ಅನುಮತಿಯಿಲ್ಲದೆ ಕೆಲಸ ಹುಡುಕುವುದನ್ನೂ ತನ್ನದೇ ಕಾನೂನಿನಡಿ ಅಪರಾಧವಾಗಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಇವೆರಡನ್ನೂ, ವಾರಂಟ್ ಇಲ್ಲದೆ ಬಂಧಿಸುವ ವಿಧಿಯನ್ನೂ ತಳ್ಳಿಹಾಕಿತು. ಬೇರೆ ಕಾರಣಕ್ಕೆ ತಡೆದವರ ಮೇಲೆ ಸಂಶಯ ಬಂದರೆ ಅವರ ವಲಸೆ ದಾಖಲೆ ವಿಚಾರಿಸುವ ವಿಧಿಯನ್ನು ಮಾತ್ರ ಆಗ ಉಳಿಸಿತು. ಬೀದಿಯಲ್ಲಿ ನಿಂತ ಪೊಲೀಸನ ಸಂಶಯ ಮೈಬಣ್ಣದಿಂದಲೇ ಹುಟ್ಟಬಹುದೆಂಬ ಭಯ ನಮಗೆ ಅಪರಿಚಿತವೇನಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ. 1997ರ ಪ್ರಿಂಟ್ಸ್ ಪ್ರಕರಣ ಬಂದೂಕು ಮಾರಾಟಕ್ಕೆ ಸಂಬಂಧಿಸಿದ್ದು. ಆದರೆ ಕೇಂದ್ರವು ತನ್ನ ಕಾರ್ಯಕ್ರಮದ ಜಾರಿಗೆ ರಾಜ್ಯದ ಅಧಿಕಾರಿಗಳನ್ನು ಬಲವಂತವಾಗಿ ದುಡಿಸಿಕೊಳ್ಳುವಂತಿಲ್ಲ ಎಂಬ ಅದರ ತತ್ವವೇ ಇಂದು ವಲಸಿಗರ ನೆರವಿಗೆ ಬಂದಿದೆ. 2017ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಪೊಲೀಸರು ವಲಸೆ ಇಲಾಖೆಗೆ ನೀಡುವ ಸಹಕಾರಕ್ಕೆ ಮಿತಿ ಹಾಕಿತು. ಕೇಂದ್ರ ಸರಕಾರ ದಾವೆ ಹೂಡಿತು. ಕೆಳ ನ್ಯಾಯಾಲಯಗಳು ಒಪ್ಪಲಿಲ್ಲ, 2020ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲೂ ಇಲ್ಲ. ಹಾಗೆಂದು ಕ್ಯಾಲಿಫೋರ್ನಿಯಾ ಯಾರಿಗೂ ವಾಸದ ಹಕ್ಕು ಕೊಡಲಾರದು. ಕೇಂದ್ರದ ಅಧಿಕಾರಿಗಳು ಅಲ್ಲಿಯೂ ಬಂಧಿಸಬಲ್ಲರು. ರಾಜ್ಯಕ್ಕಿರುವುದು ತನ್ನ ಕೈ ಜೋಡಿಸದಿರುವ ಸ್ವಾತಂತ್ರ್ಯವಷ್ಟೇ.

ಅಷ್ಟನ್ನೂ ನಾವು ಚಿಕ್ಕದೆಂದು ತಿಳಿಯುವುದಿಲ್ಲ. ಗಂಡನಿಂದ ಪೆಟ್ಟು ತಿಂದವಳು, ಕೂಲಿ ಕಳೆದುಕೊಂಡವನು, ಕೊಲೆಯನ್ನು ಕಣ್ಣಾರೆ ಕಂಡವನು ಠಾಣೆಯ ಮೆಟ್ಟಿಲು ಹತ್ತಬೇಕಾದರೆ ಅಲ್ಲಿಂದ ಹಿಂತಿರುಗುವ ಭರವಸೆ ಬೇಕು. ಸಾಕ್ಷ್ಯವನ್ನು ಬಚ್ಚಿಡುವುದು ಪಾಪವೆಂದು ಪವಿತ್ರ ಕುರ್‌ಆನ್ ಕಲಿಸುತ್ತದೆ. ಸಾಕ್ಷಿ ನುಡಿಯಲು ಬಂದವನನ್ನೇ ಗಡೀಪಾರಿಗೆ ಒಪ್ಪಿಸುವ ವ್ಯವಸ್ಥೆಯು ಆ ಪಾಪವನ್ನು ಬಡವನ ತಲೆಗೆ ಕಟ್ಟಿ ತಾನು ನುಣುಚಿಕೊಳ್ಳುತ್ತದೆ.

ಇದೇ ಸ್ವಾತಂತ್ರ್ಯವನ್ನು ಬೇರೆ ರಾಜ್ಯಗಳು ಬೇರೆ ರೀತಿ ಬಳಸಿವೆ. 1996ರ ಕೇಂದ್ರ ಕಾನೂನಿನಡಿ ಒಪ್ಪಂದ ಮಾಡಿಕೊಂಡು ಟೆಕ್ಸಾಸ್, ಫ್ಲೋರಿಡಾದಂತಹ ರಾಜ್ಯಗಳ ಅನೇಕ ಪೊಲೀಸ್ ಕಚೇರಿಗಳು ವಲಸೆ ಇಲಾಖೆಯ ಕೆಲಸವನ್ನು ತಾವಾಗಿಯೇ ವಹಿಸಿಕೊಂಡಿವೆ.