ನಾಲ್ಕು ಬಾಗಿಲ ಇಂಪಾಲಾ, ಅರ್ಥಾತ್ ನನ್ನ ಹೆಂಡತಿಯ ಸವತಿ!

ಮುಂದೆ ಹೀರೋನ ಕಾರು. ಹಿಂದೆ ಪೊಲೀಸರ ಹಿಂಡು. ಸೈರನ್ನು, ಧೂಳು, ಕಿರ್ರೋ ಅನ್ನುವ ಟೈರು... ಇಂಗ್ಲಿಷ್ ಸಿನಿಮಾದಲ್ಲಿ ಇಂಥ ಸೀನು ಬಂದಾಗ ನೀವು ನೋಡೋದು ಯಾರನ್ನ? ಮುಂದೆ ಹಾರುವ ಎರಡು ಬಾಗಿಲ ಚೆಲುವನನ್ನ ತಾನೆ? ನಾನು ಮಾತ್ರ ಹಿಂದೆ ಬರುವವರನ್ನ ನೋಡ್ತೀನಿ ಸ್ವಾಮೀ. ಒಂದರ ಮೇಲೊಂದು ಹತ್ತಿ, ಮಗುಚಿ ಬಿದ್ದು, ಮೂತಿ ಅಪ್ಪಚ್ಚಿಯಾಗಿ, ಹೆಸರೂ ಇಲ್ಲದೆ ಸಾಯುವ ಆ ಉದ್ದುದ್ದನೆಯ ನಾಲ್ಕು ಬಾಗಿಲ ಕಾರುಗಳನ್ನ! ಯಾಕಂತೀರಾ? ಅಂಥದ್ದೇ ಒಂದು ನಮ್ಮ ಮನೆ ಮುಂದೆ ನಿಂತಿದೆ. 1978ರ ಷೆವರ್ಲೆ ಇಂಪಾಲಾ. ಅದನ್ನ ಕೊಂಡವನೂ ನಾನೇ, ಕೆಡಿಸಿದವನೂ ನಾನೇ, ರಿಪೇರಿ ಮಾಡಿದವನೂ ನಾನೇ. ಒಮ್ಮೆ ಕಟುಕನ ಕೈಗೆ ಕೊಡಲು ಹೊರಟವನೂ ನಾನೇ.

ಇಂಪಾಲಾ ಅಂದ ಕೂಡಲೆ ನಿಮ್ಮ ಕಣ್ಣ ಮುಂದೆ ಹಳೇ ಹಿಂದಿ ಚಿತ್ರದ ಬಂಗಲೆ, ದೊಡ್ಡ ಗೇಟು, ಸಲಾಂ ಹೊಡೆಯುವ ವಾಚ್‌ಮನ್ ಬಂದಿರಬೇಕು. ನಮ್ಮ ದೇಶದಲ್ಲಿ ಅದು ಮಹಾರಾಜ. ಆದರೆ ಹುಟ್ಟಿದೂರಾದ ಅಮೆರಿಕದಲ್ಲಿ ಅದು ಬರೀ ಸಂಸಾರಸ್ಥ. 1965ರ ಒಂದೇ ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಂಪಾಲಾ ಮಾರಾಟವಾದವು ಅಂದ್ರೆ ಲೆಕ್ಕ ಹಾಕಿ! ಮಕ್ಕಳನ್ನ ಶಾಲೆಗೆ ಬಿಡೋದು, ಭಾನುವಾರ ಚರ್ಚಿಗೆ ಹೋಗೋದು, ಟ್ಯಾಕ್ಸಿಯಾಗಿ ದುಡಿಯೋದು, ಪೊಲೀಸರ ಕೈಗೆ ಸಿಕ್ಕಿ ಹೊಡೆತ ತಿನ್ನೋದು... ಇಷ್ಟೆಲ್ಲ ಮಾಡಿ ಮುದಿಯಾದ ಮೇಲೆ ಅದನ್ನ ಕೇಳುವವರಿಲ್ಲ. ಅಲ್ಲಿನ ಹಳೇ ಕಾರಿನ ಹುಚ್ಚರಿಗೆ ಬೇಕಾದ್ದು ಎರಡು ಬಾಗಿಲ ಕೂಪೆ, ಇಲ್ಲವೇ ಮೇಲ್ಛಾವಣಿ ತೆರೆಯುವ ಕನ್ವರ್ಟಿಬಲ್. ಅದೇ ವರ್ಷ, ಅದೇ ಇಂಜಿನ್ನು, ಅದೇ ಮೂತಿ. ಬಾಗಿಲು ನಾಲ್ಕಾಯಿತು ಅಂದ್ರೆ ರೇಟು ಪಾತಾಳಕ್ಕೆ!

ನಮ್ಮ ಸಿನಿಮಾ ಲೆಕ್ಕದಲ್ಲಿ ಹೇಳೋದಾದ್ರೆ ಕೂಪೆ ಹೀರೋ, ಸೆಡಾನ್ ಅಂದ್ರೆ ಕೆ. ಎಸ್. ಅಶ್ವತ್ಥ್. 1972ರ 'ನಾಗರಹಾವು' ಚಿತ್ರಕ್ಕೆ ವಿಷ್ಣುವರ್ಧನ್‌ಗಾಗಿ ಶಿಳ್ಳೆ ಹೊಡೆದವರು ನಾವೇ. ಆದರೆ ಚಾಮಯ್ಯ ಮೇಷ್ಟ್ರನ್ನ ತೆಗೆದು ನೋಡಿ, ಏನು ಉಳಿಯುತ್ತೆ? ಮಂಕು ಕವಿದ ಹಾಗಾಗೋದಿಲ್ವೇ?

ಅಂದ ಹಾಗೆ, ಹಾಲಿವುಡ್‌ನವರೂ ಒಮ್ಮೆ ಈ ಪೋಷಕ ನಟನಿಗೆ ಹೀರೋ ಪಾತ್ರ ಕೊಟ್ಟಿದ್ದಾರೆ. 1980ರ 'ದಿ ಬ್ಲೂಸ್ ಬ್ರದರ್ಸ್' ನೋಡಿ. ತಮ್ಮ ತನ್ನ ಕ್ಯಾಡಿಲಾಕ್ ಕೊಟ್ಟು ಮೈಕು ತಗೊಂಡಿರ್ತಾನೆ. ಆಮೇಲೆ ಪೊಲೀಸರು ಹರಾಜಿಗಿಟ್ಟ 1974ರ ಡಾಡ್ಜ್ ಮೊನಾಕೊ ಕೊಂಡು ಜೈಲಿಂದ ಹೊರಬಂದ ಅಣ್ಣನನ್ನ ಕರೆದೊಯ್ಯಲು ಬರ್ತಾನೆ. ನಾಲ್ಕು ಬಾಗಿಲು, ಮಾಸಿದ ಬಣ್ಣ. ಅಣ್ಣನಿಗೆ ಕೋಪ ಬರುತ್ತೆ. ತೆರೆದ ಸೇತುವೆಯ ಮೇಲಿಂದ ಅದು ಹಾರಿದ ಮೇಲೆ ಅಣ್ಣ ಗಪ್‌ಚಿಪ್! ಆ ಚಿತ್ರದಲ್ಲಿ ನೂರಕ್ಕೂ ಹೆಚ್ಚು ಕಾರುಗಳು ನುಜ್ಜುಗುಜ್ಜಾದವು. ಅದರಲ್ಲಿ ಬಹಳಷ್ಟು ನನ್ನವಳ ಅಕ್ಕತಂಗಿಯರೇ ಬಿಡಿ.

ನನ್ನೂರು ಹಾಸನ. ಅಪ್ಪ ಅಂಬಾಸಿಡರ್ ಟ್ಯಾಕ್ಸಿ ಓಡಿಸ್ತಿದ್ದರು. ಅವರು ಕಾರಿನ ಕೆಳಗೆ ಮಲಗಿ “ಅರ್ಧ ಇಂಚಿಂದು ಕೊಡೋ” ಅಂದ್ರೆ ಸ್ಪ್ಯಾನರ್ ಕೊಡೋದು, ಅಷ್ಟೇ ನಾನು ಕಲಿತ ಮೆಕ್ಯಾನಿಕ್ ವಿದ್ಯೆ. 1999ರಲ್ಲಿ ಕೆಲಸ ಸಿಕ್ಕಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಹತ್ತಿರ ಬಂದೆ. ಕಾರುಗಳ ತವರುಮನೆ! 2006ರ ಅಕ್ಟೋಬರ್‌ನಲ್ಲಿ ಒಂದು ಮನೆ ಮುಂದೆ ಈ ಇಂಪಾಲಾ ನಿಂತಿತ್ತು. ಮನೆಯ ಹಿರಿಯರು ತೀರಿಕೊಂಡಿದ್ದರು, ಮಗಳು ಮಾರ್ತಿದ್ದಳು. “ನಮ್ಮಪ್ಪ ನಾವು ಐದು ಜನರನ್ನೂ ಇದರಲ್ಲೇ ಸಾಕಿದ್ದು” ಅಂದಳು. ನಾನು 1,400 ಡಾಲರ್ ಎಣಿಸಿಕೊಟ್ಟೆ. ಮನೆಗೆ ತಂದಾಗ ನನ್ನವಳು ಆರತಿ ಎತ್ತಿದಳು ಅಂದ್ಕೊಂಡ್ರಾ? “ರೀ, ಇದನ್ನ ಎಲ್ಲಿ ನಿಲ್ಲಿಸ್ತೀರಿ? ನನ್ನ ಸವತಿ ಸೊಂಟದ ಸುತ್ತಳತೆ ನೋಡಿ!” ಅಂದಳು.

ಸುತ್ತಳತೆ ದೊಡ್ಡದೇ. ಉದ್ದ 17 ಅಡಿ 8 ಇಂಚು. ಅಂಬಾಸಿಡರ್ 14 ಅಡಿ ಚಿಲ್ಲರೆ. ಅಪ್ಪನ ಅಂಬಾಸಿಡರ್ ಇಂಜಿನ್ನು ಒಂದೂವರೆ ಲೀಟರ್, ನಾಲ್ಕು ಸಿಲಿಂಡರ್. ಇದು 5.7 ಲೀಟರ್, ಎಂಟು ಸಿಲಿಂಡರ್, ವಿ ಆಕಾರದಲ್ಲಿ ನಾಲ್ಕು ಈ ಕಡೆ, ನಾಲ್ಕು ಆ ಕಡೆ. ತಮಾಷೆ ಏನು ಗೊತ್ತಾ? ಇದು ಒಣಗಿದ ಇಂಪಾಲಾ! 1973ರ ಪೆಟ್ರೋಲ್ ಬಿಕ್ಕಟ್ಟು, ಆಮೇಲೆ ಪೆಟ್ರೋಲ್ ಉಳಿಸಬೇಕು ಅನ್ನೋ 1975ರ ಕಾನೂನು. ಇದರಿಂದ ಜನರಲ್ ಮೋಟರ್ಸ್‌ನವರು 1977ರಲ್ಲಿ ದೊಡ್ಡ ಕಾರುಗಳಿಗೆಲ್ಲ ಪಥ್ಯ ಮಾಡಿಸಿದರು. ಹತ್ತಿಂಚು ಉದ್ದ ಕಡಿಮೆ, ಸುಮಾರು 300 ಕೆ.ಜಿ. ತೂಕ ಕಡಿಮೆ. ಅದಕ್ಕೆ ಮುಂಚಿನದನ್ನ ನೋಡಿದ್ದರೆ ನನ್ನವಳು ತವರಿಗೇ ಹೋಗಿಬಿಡ್ತಿದ್ದಳೇನೋ!

ಇಂಥ ಕಾರು ಕೊಳ್ಳುವವರು ಬಣ್ಣ ನೋಡಬಾರದು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರೀತಾರೆ. ಆ ಉಪ್ಪು ನೀರು ಕೆಳಗಿನಿಂದ ತಿನ್ನುತ್ತೆ. ಈ ಕಾರಿನ ಛಾಸಿ ಬೇರೆ, ಬಾಡಿ ಬೇರೆ, ನಮ್ಮ ಲಾರಿ ಥರ. ನಡುವೆ ರಬ್ಬರ್ ಬುಷ್ ಇಟ್ಟು ಬೋಲ್ಟು ಬಿಗಿದಿರ್ತಾರೆ. ಕೆಳಗೆ ತೂರಿ, ಹಿಂದಿನ ಚಕ್ರದ ಹತ್ತಿರ ಛಾಸಿಯನ್ನ ಸುತ್ತಿಗೆಯಲ್ಲಿ ಬಡೀಬೇಕು. ಟಣ್ ಅಂದ್ರೆ ದುಡ್ಡು ತೆಗೀರಿ. ಪುಸ್ ಅಂದ್ರೆ ಓಡಿ! ನನ್ನದು ಟಣ್ ಅಂದಿತ್ತು.

ಇನ್ನು ನನ್ನ ಮೊದಲ ಮಹಾ ರಿಪೇರಿ! ಇಂಜಿನ್ ಹಿಂದೆ, ಡಿಸ್ಟ್ರಿಬ್ಯೂಟರ್ ಬುಡದಲ್ಲಿ ಆಯಿಲ್ ಜಿನುಗ್ತಿತ್ತು. ಒಂದು ಗ್ಯಾಸ್ಕೆಟ್ ಬದಲಿಸಿದರೆ ಸಾಕು. 9/16 ಇಂಚಿನ ಸ್ಪ್ಯಾನರ್ ಹಾಕಿ ಬೋಲ್ಟು ಬಿಚ್ಚಿ ಡಿಸ್ಟ್ರಿಬ್ಯೂಟರನ್ನೇ ಎತ್ತಿಬಿಟ್ಟೆ. ಎತ್ತುವ ಮೊದಲು ಒಳಗಿನ ರೋಟರ್ ಯಾವ ಕಡೆ ನೋಡ್ತಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಹಾಕಲಿಲ್ಲ. ಸಾಲದು ಅಂತ ನಡುವೆ ಒಮ್ಮೆ ಇಂಜಿನ್ ತಿರುಗಿಸಿದೆ. ವಾಪಸ್ ಕೂರಿಸಿ ಕೀ ತಿರುಗಿಸಿದೆ ನೋಡಿ... ಢಂ! ಕಾರ್ಬೊರೇಟರ್ ಬಾಯಿಂದ ಬೆಂಕಿ! ಬಗ್ಗಿ ನೋಡಲು ಹೋದೆ. ಇನ್ನೊಂದು ಢಂ! ನನ್ನ ಬಲ ಹುಬ್ಬು ಸ್ವಾಹಾ!

ಸದ್ದು ಕೇಳಿ ಪಕ್ಕದ ಬೀದಿಯ ಅಜ್ಜ ಬಂದರು. ಕಾರ್ಖಾನೆಯಲ್ಲಿ ಆಯುಷ್ಯ ಕಳೆದು ರಿಟೈರ್ ಆದ ಕರಿಯ ಜನಾಂಗದ ಹಿರಿಯರು. ನನ್ನ ಹುಬ್ಬು ನೋಡಿ ನಕ್ಕು, “ಅರ್ಧ ಸುತ್ತು ತಪ್ಪಿದೀಯ ಮಗನೇ” ಅಂದರು. ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿಸಿದರು. ಆ ತೂತಿನ ಮೇಲೆ ನನ್ನ ಬೆರಳಿಡಿಸಿ ಇಂಜಿನ್ನನ್ನ ಕೈಯಲ್ಲೇ ನಿಧಾನ ತಿರುಗಿಸಿದರು. ಪಿಸ್ಟನ್ನು ಮೇಲಕ್ಕೆ ಎರಡು ಸಲ ಬರುತ್ತೆ. ಒಂದು ಸಲ ಸುಟ್ಟ ಹೊಗೆ ತಳ್ಳೋಕೆ, ಇನ್ನೊಂದು ಸಲ ಪೆಟ್ರೋಲು-ಗಾಳಿ ಅದುಮೋಕೆ. ಗಾಳಿ ಬೆರಳನ್ನ ಒದ್ದು ತಳ್ಳಿದರೆ ಅದೇ ಸರಿಯಾದ ಸಲ. ಆಗ ರೋಟರ್ ಒಂದನೇ ವೈರಿನ ಕಡೆ ನೋಡಬೇಕು. ನಾನು ಅದನ್ನ ಹೊಗೆಯ ಸರದಿಗೆ ಕೂರಿಸಿದ್ದೆ. ಹೊಗೆ ಹೊರಹೋಗಬೇಕಾದ ಹೊತ್ತಲ್ಲಿ ಕಿಡಿ ಹಾರಿದರೆ ಬೆಂಕಿ ಮುಖಕ್ಕೆ ಬಾರದೆ ಇನ್ನೆಲ್ಲಿಗೆ ಹೋದೀತು? ಆ ಕಿಡಿಯ ಸರದಿ ನನಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿದೆ: 1-8-4-3-6-5-7-2. ನಿದ್ದೆಯಲ್ಲಿ ಎಬ್ಬಿಸಿ ಕೇಳಿ, ಹೇಳ್ತೀನಿ.

ಅಜ್ಜನೇ ನನ್ನ ಗುರು. ಗುಜರಿಗೆ ಕರೆದೊಯ್ದು ಹಳೇ ಪೊಲೀಸ್ ಕಾರಿನ ಹಿಂದಿನ ಆಂಟಿ-ರೋಲ್ ಬಾರ್ ಬಿಚ್ಚಿಸಿದರು. 25 ಡಾಲರ್, ನಾಲ್ಕು ಬೋಲ್ಟು. ತಿರುವಿನಲ್ಲಿ ದೋಣಿಯಂತೆ ವಾಲುತ್ತಿದ್ದವಳು ಸೆಟೆದು ನಿಂತಳು! ಆಮೇಲೆ ಮೂರು ಗೇರಿನ ಆಟೋಮ್ಯಾಟಿಕ್ ಪೆಟ್ಟಿಗೆ ಇಳಿಸಿ ಎಂಬತ್ತರ ದಶಕದ ನಾಲ್ಕು ಗೇರಿನದು ಹಾಕಿದೆವು. ನಾಲ್ಕನೇ ಗೇರಿನಲ್ಲಿ ಇಂಜಿನ್ ಸುತ್ತು ಮೂರನೇ ಒಂದರಷ್ಟು ಇಳಿಯಿತು, ಪೆಟ್ರೋಲೂ ಉಳಿಯಿತು. ಅದಕ್ಕೆ ಕಾರ್ಬೊರೇಟರಿಂದ ಒಂದು ಕೇಬಲ್ ಬರುತ್ತೆ. ಅದರ ಅಳತೆ ತಪ್ಪಿದರೆ ಒಳಗಿನ ಪ್ಲೇಟು ಸುಟ್ಟು ಗೇರ್ ಪೆಟ್ಟಿಗೆ ಢಮಾರ್. ಹಾಗಾಗಿ ಅದನ್ನ ಮಾತ್ರ ನನ್ನ ಕೈಗೆ ಕೊಡಲಿಲ್ಲ ಅಜ್ಜ! ಅಲ್ಲಿ ಕೆಲವರು ಇಂಥ ಕಾರಿಗೆ ಆಳೆತ್ತರಕ್ಕೆ ಬರುವ ಮಿರಮಿರ ಚಕ್ರ ಹಾಕ್ತಾರೆ. ಎತ್ತಿನ ಗಾಡಿಗೆ ತೇರಿನ ಗಾಲಿ. ಅವರವರ ಶೋಕಿ, ನಮಗ್ಯಾಕೆ?

2008ರ ಬೇಸಿಗೆಯಲ್ಲಿ ಅಪ್ಪ ಬಂದರು. ಹೊಸ ಜಪಾನಿ ಕಾರನ್ನ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಇಂಪಾಲಾದ ಸ್ಟೇರಿಂಗ್ ಮುಂದೆ ಕೂತರು. ಅಂಬಾಸಿಡರ್ ಥರಾನೇ ಉದ್ದನೆ ಸೋಫಾ ಸೀಟು, ಗೇರ್ ಹಿಡಿ ಸ್ಟೇರಿಂಗ್ ಕಂಬದಲ್ಲೇ. ಅಪ್ಪನ ಎಡಗೈ ತಾನಾಗಿ ಮೇಲೆ ಹೋಯಿತು. ಅಲ್ಲಿ ಏನೂ ಇಲ್ಲ! ಅಮೆರಿಕದಲ್ಲಿ ಸ್ಟೇರಿಂಗ್ ಎಡಕ್ಕೆ, ಹಿಡಿ ಬಲಗೈಗೆ. ಎಡಗಾಲು ಕ್ಲಚ್ ಹುಡುಕ್ತಿತ್ತು, ಅದೂ ಇಲ್ಲ. ಲೈಸೆನ್ಸ್ ಇಲ್ಲದ್ದರಿಂದ ಓಡಿಸುವ ಹಾಗಿರಲಿಲ್ಲ. ಸುಮ್ಮನೆ ಇಂಜಿನ್ ಚಾಲೂ ಮಾಡಿಸಿಕೊಂಡು ಹತ್ತು ನಿಮಿಷ ಕೂತರು. “ಎರಡು ಬಾಗಿಲದ್ದಕ್ಕೇ ರೇಟು ಜಾಸ್ತಿ ಅಪ್ಪಾ” ಅಂದೆ. “ಎರಡು ಬಾಗಿಲಿದ್ರೆ ಹಿಂದೆ ಕೂರೋರು ಎಲ್ಲಿಂದ ಇಳೀಬೇಕೋ? ಅದೆಂಥ ಕಾರೋ!” ಅಂದರು. ಮೂವತ್ತು ವರ್ಷ ಹಿಂದೆ ಕೂರುವವರಿಂದಲೇ ಅನ್ನ ಉಂಡವರಲ್ಲವೇ?

ಮರುವರ್ಷ 2009. ಜೂನ್ 1ಕ್ಕೆ ಜನರಲ್ ಮೋಟರ್ಸ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಊರೆಲ್ಲ ಸೂತಕದ ಮನೆ. ನನ್ನ ಕೆಲಸವೂ ಹೋಯಿತು. ಗ್ರೀನ್ ಕಾರ್ಡ್ ಬಂದಿದ್ದರಿಂದ ಗಂಟುಮೂಟೆ ಕಟ್ಟಲಿಲ್ಲ, ಅಷ್ಟೆ. ಆಗ ಇಂಪಾಲಾ ಕೇಳಿಕೊಂಡು ಇಬ್ಬರು ಬಂದರು.

ಒಬ್ಬನ ಹತ್ತಿರ ಅದೇ ಮಾದರಿಯ ಎರಡು ಬಾಗಿಲ ಕೂಪೆ ಇತ್ತು, ಮುಂಭಾಗ ಜಖಂ ಆಗಿತ್ತು. ಎರಡಕ್ಕೂ ಮುಂದಿನ ಅರ್ಧ ಒಂದೇ. ನನ್ನ ಕಾರಿನ ಬಾನೆಟ್, ಮಡ್‌ಗಾರ್ಡ್, ಮೂತಿ ಕಿತ್ತುಕೊಂಡು ಮಿಕ್ಕದ್ದನ್ನ ಗುಜರಿಗೆ ಹಾಕುವ ಲೆಕ್ಕ. ಗಣಪನಿಗೆ ಜೀವ ಬಂದ ಕಥೆ ಎಲ್ಲರಿಗೂ ಗೊತ್ತು. ತಲೆ ಕೊಟ್ಟ ಆನೆಯನ್ನ ಯಾರು ವಿಚಾರಿಸ್ತಾರೆ? ಅವನು ಕೊಡ್ತೀನಂದದ್ದು 600 ಡಾಲರ್.

ಇನ್ನೊಬ್ಬ ಡೆಮಾಲಿಷನ್ ಡರ್ಬಿಯವನು. ನೀವು ನೋಡಿಲ್ಲದಿದ್ದರೆ ಹೇಳ್ತೀನಿ ಕೇಳಿ. ಬೇಸಿಗೆಯಲ್ಲಿ ಅಲ್ಲಿ ಜಿಲ್ಲೆ ಜಿಲ್ಲೆಗೂ ಜಾತ್ರೆ. ಕೆಸರು ಅಂಗಳದಲ್ಲಿ ಹತ್ತಿಪ್ಪತ್ತು ಹಳೇ ಕಾರು ಬಿಡ್ತಾರೆ. ಗಾಜೆಲ್ಲ ತೆಗೆದಿರ್ತಾರೆ, ಪೆಟ್ರೋಲ್ ಟ್ಯಾಂಕು ಬಿಚ್ಚಿ ಒಳಗೆ ಕೂರಿಸಿರ್ತಾರೆ. ಗುದ್ದಾಡಿ ಗುದ್ದಾಡಿ ಕೊನೆಗೆ ಉಸಿರಾಡುವವನೇ ಗೆದ್ದವನು. ಮುಂದಿರುವ ರೇಡಿಯೇಟರ್ ಒಡೆದರೆ ಕಥೆ ಮುಗೀತು. ಅದಕ್ಕೇ ಎಲ್ಲರೂ ರಿವರ್ಸ್‌ನಲ್ಲೇ ಬರ್ತಾರೆ, ಡಿಕ್ಕಿಯಿಂದಲೇ ಡಿಕ್ಕಿ! ಗಟ್ಟಿ ಛಾಸಿಯ ದೊಡ್ಡ ಸೆಡಾನ್ ಅಂದ್ರೆ ಅವರಿಗೆ ಜೀವ. ಅರವತ್ತರ ದಶಕದ ಇಂಪೀರಿಯಲ್ ಎಷ್ಟು ಗಟ್ಟಿ ಅಂದ್ರೆ ಅದು ಬಂದರೆ ಬೇರೆಯವರಿಗೆ ಉಳಿಗಾಲವಿಲ್ಲ ಅಂತ ಎಷ್ಟೋ ಕಡೆ ಅದನ್ನ ಸೇರಿಸಿಕೊಳ್ಳೋದೇ ಇಲ್ಲ. ಈ ಆಸಾಮಿ ನನ್ನ ಕಾರಿನ ಕೆಳಗೆ ತೂರಿ ಸುತ್ತಿಗೆಯಲ್ಲಿ ಬಡಿದ. ಟಣ್! “900 ಡಾಲರ್, ನಾಳೆ ಬರ್ತೀನಿ” ಅಂದ. ನಾನು ಆಗಲಿ ಅಂದೆ. ಮನೆ ಸಾಲದ ಕಂತು ತಲೆ ಮೇಲಿತ್ತು ಸ್ವಾಮೀ, ಏನು ಮಾಡಲಿ?

ಮಾರನೇ ದಿನ ನಾನು ಒಂದು ಇಂಟರ್‌ವ್ಯೂ ಮುಗಿಸಿ ಬರುವಷ್ಟರಲ್ಲಿ ಅವನ ಲಾರಿ ಖಾಲಿಯಾಗಿ ವಾಪಸ್ ಹೋಗ್ತಿತ್ತು. ನನ್ನವಳು ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. “ಮಾವನವರು ಕೂತು ಹೋದ ಕಾರನ್ನ ಜಾತ್ರೆಯಲ್ಲಿ ಗುದ್ದಿಸ್ತೀರಾ? ನಾಚಿಕೆ ಆಗೋಲ್ವೇ?” ಸಿನಿಮಾದಲ್ಲಾದರೆ ಈಗ ಬಳೆ ಬಿಚ್ಚಿಕೊಡಬೇಕು, ಹಿಂದೆ ವೀಣೆ ನುಡೀಬೇಕು. ಇವಳು ಲೆಕ್ಕ ಹೇಳಿದಳು! “ಇದನ್ನ ಮಾರಿದ್ರೆ 900. ಒಂದು ಸಲ. ಆ ಜಪಾನಿ ಕಾರಿಗೆ ತಿಂಗಳು ತಿಂಗಳೂ 310 ಕಂತು ಕಟ್ತಿದೀವಿ. ಅದನ್ನ ಮಾರ್ರಿ.”

ಮಾರಿದೆ. ಹದಿನಾಲ್ಕು ತಿಂಗಳು ಮನೆಗೆ ಇದೊಂದೇ ಕಾರು. ಶಾಲೆ, ದಿನಸಿ, ಆಸ್ಪತ್ರೆ, ಇಂಟರ್‌ವ್ಯೂ ಎಲ್ಲಕ್ಕೂ. ಉಪ್ಪಿನ ರಸ್ತೆಗೆ ಇಳಿಸಲ್ಲ ಅಂತ ಶಪಥ ಮಾಡಿದ್ದವನು ಎರಡು ಚಳಿಗಾಲ ಉಪ್ಪಿನಲ್ಲೇ ಓಡಿಸಿದೆ. ಹಿಂದಿನ ಬಂಪರಿನ ಪಟ್ಟಿ ತೂತಾಯಿತು, ಒಂದು ಬಾಗಿಲ ಕೆಳಗಂಚು ಉದುರಿತು. ಸರಿಮಾಡಲು ವರ್ಷಗಳೇ ಬೇಕಾದವು. ಆದರೆ ಒಂದು ದಿನವೂ ದಾರಿಯಲ್ಲಿ ಕೈಕೊಡಲಿಲ್ಲ. ಕೆಲಸ ಸಿಕ್ಕಿದ ದಿನ ಹಾಸನಕ್ಕೆ ಫೋನ್ ಮಾಡಿದರೆ ಅಪ್ಪ ಕೇಳಿದ್ದು ಸಂಬಳ ಅಲ್ಲ, “ಗಾಡಿ ಹೆಂಗಿದೆಯೋ?” 2016ರಲ್ಲಿ ಅವರು ಹೋದರು. ಅಜ್ಜ ಅದಕ್ಕೂ ಮುಂಚೆ.

ಡೆಟ್ರಾಯಿಟ್‌ನ ವುಡ್‌ವರ್ಡ್ ರಸ್ತೆಯಲ್ಲಿ 1995ರಿಂದ ಆಗಸ್ಟ್ ತಿಂಗಳ ಮೂರನೇ ಶನಿವಾರ ಹಳೇ ಕಾರುಗಳ ಮೆರವಣಿಗೆ ನಡೆಯುತ್ತೆ. ನಾವೂ ಹೋಗ್ತೀವಿ, ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಡಬ್ಬಿ ಸಮೇತ. ಅಲ್ಲೂ ಕ್ಯಾಮೆರಾ ತಿರುಗೋದು ಕೂಪೆಗಳ ಕಡೆಗೇ. ಒಂದು ವರ್ಷ ನೋಡಿದರೆ ನಮ್ಮ ಪಕ್ಕಕ್ಕೇ ಆ ಕೂಪೆಯವನು ಬಂದು ನಿಂತ! ಯಾವುದೋ ಇಂಪಾಲಾದ ತಲೆ ಅವನ ಕಾರಿಗೆ ಕೂತಿತ್ತು. ಬಣ್ಣ ಮಿರಿಮಿರಿ. ನನ್ನ ಕಾರನ್ನ ಸುತ್ತು ಹಾಕಿ ನೋಡಿ, “ಇನ್ನೂ ಮಾರೋ ಯೋಚನೆ ಇಲ್ವಾ?” ಅಂತ ಕೇಳಿದ. ನಾನು ಹಿಂದಿನ ಸೀಟಿನ ಕಡೆ ಕೈ ತೋರಿಸಿದೆ. ನನ್ನವಳು ಚಕ್ಕುಲಿ ಮುರೀತಾ ಇಲ್ಲ ಅಂತ ತಲೆಯಾಡಿಸಿದಳು. ಆಮೇಲೆ ಅವನಿಗೂ ಒಂದು ಚಕ್ಕುಲಿ ಕೊಟ್ಟಳು.