ಕೈಗೆ ಕೂತ ಬ್ಯಾಟು

ಕೊನೆಕೊಯ್ಲು ಮುಗಿದು, ಕಡೆಯ ಅಡಿಕೆಯೂ ಒಣಗಿ ಚೀಲ ಸೇರಿದ ಮೇಲಷ್ಟೇ ಅಂಗಳ ನಮ್ಮ ಪಾಲಿಗೆ ಬರುತ್ತಿತ್ತು. ಅಲ್ಲಿಯವರೆಗೆ ಅದು ಅಜ್ಜನ ರಾಜ್ಯ. ಮಾರ್ಚ್ ಹೊತ್ತಿಗೆ ಅಟ್ಟ ಬಿಚ್ಚಿ, ನೆಲ ಸಮ ಮಾಡಿ, ಸಗಣಿ ಸಾರಿಸಿ, ಸುಣ್ಣದ ನೀರಿನಲ್ಲಿ ಗೆರೆ ಎಳೆಯುತ್ತಿದ್ದೆವು. ಶಟಲ್ ಕೋರ್ಟು 44 ಅಡಿ ಉದ್ದ, 20 ಅಡಿ ಅಗಲ ಇರಬೇಕೆಂದು ಪೋಸ್ಟ್ ಮಾಸ್ತರು ಹೇಳಿದ್ದರು. ನಮ್ಮ ಅಂಗಳಕ್ಕೆ ಅಷ್ಟು ಉದ್ದವಿಲ್ಲದೆ ಒಂದು ತುದಿಯ ಗೆರೆ ತುಳಸಿಕಟ್ಟೆಯ ಬುಡಕ್ಕೇ ಬಂದು ನಿಲ್ಲುತ್ತಿತ್ತು. ಆ ಬದಿಗೆ ನಿಂತವರು ಹಿಂದೆ ಸರಿಯುವಾಗ ಎದುರಾಳಿಗಿಂತ ಅಜ್ಜಿಗೆ ಹೆಚ್ಚು ಹೆದರಬೇಕಿತ್ತು.

ಎರಡು ಅಡಿಕೆ ಮರದ ಕಂಬ, ಅವುಗಳ ತಲೆಗೆ ಒಂದೊಂದು ದೊಡ್ಡ ಬಲ್ಬು. ಲಿಂಗನಮಕ್ಕಿ ಅಣೆಕಟ್ಟು ಇರುವುದು ನಮ್ಮದೇ ಸಾಗರ ತಾಲ್ಲೂಕಿನಲ್ಲಿ, ಆದರೂ ಸಂಜೆ ಏಳಕ್ಕೆ ಬಲ್ಬಿನ ತಂತಿ ಕೆಂಪಗೆ ಕಂಡರೆ ಅದೇ ಪುಣ್ಯ. ಗಾಳಿ ಬೀಳುವುದು ಮಾತ್ರ ಆ ಹೊತ್ತಿಗೇ. ಹಗಲು ಆಡಿದರೆ ಕಾಕು ತೋಟಕ್ಕೆ ಹಾರಿಹೋಗುತ್ತಿತ್ತು. ಹಾಗಾಗಿ ಕೆಂಪು ಬೆಳಕೇ ಗತಿ.

ಕೇರಿಯಲ್ಲಿ ಯಾರಿಗೂ ಸ್ವಂತ ಬ್ಯಾಟು ಇರಲಿಲ್ಲ ಎಂದರೂ ನಡೆಯುತ್ತದೆ. ಕೊಂಡವರು ಯಾರೇ ಇರಲಿ, ಆಡುವವರು ಎಲ್ಲರೂ. ಚಿಕ್ಕಪ್ಪ ಬೆಂಗಳೂರಿನಿಂದ ತಂದ ಒಂದು: ತಲೆ ಮರದ್ದು, ಕೋಲು ಉಕ್ಕಿನದು. ಸಾಗರದ ಮಾರಿಕಾಂಬೆ ಜಾತ್ರೆಯಲ್ಲಿ ಕೊಂಡ ಒಂದು ಜೋಡಿ ಅಲ್ಯುಮಿನಿಯಂ ಬ್ಯಾಟು. ಜಾತ್ರೆ ಮೂರು ವರ್ಷಕ್ಕೊಮ್ಮೆ ಆದ್ದರಿಂದ ಆ ಜೋಡಿ ಮುಂದಿನ ಜಾತ್ರೆಯವರೆಗೆ ಬಾಳಲೇಬೇಕಿತ್ತು. ತಲೆಯೂ ಕೋಲೂ ಸೇರುವಲ್ಲಿ ಕೀಲು ಸಡಿಲವಾಗಿ, ಹೊಡೆದಾಗಲೆಲ್ಲ ಕಟಕಟ ಎನ್ನುತ್ತಿದ್ದವು. ಹಿಡಿಕೆಯ ಚರ್ಮ ಕಿತ್ತುಹೋದಲ್ಲಿ ಸೈಕಲ್ ಟ್ಯೂಬ್ ಸುತ್ತಿದ್ದೆವು. ಬೆವರಿದ ಕೈಗೆ ಅದರ ಕಪ್ಪು ಮೆತ್ತಿಕೊಂಡು, ಊಟಕ್ಕೆ ಕೂರುವ ಮುಂಚೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಇವೆಲ್ಲದರ ಮೇಲೆ ಪೋಸ್ಟ್ ಮಾಸ್ತರ ಬ್ಯಾಟು. ಮೈಸೂರು ಕಡೆಯಿಂದ ವರ್ಗವಾಗಿ ಬಂದವರು, ಟ್ರಂಕು ಹಾಸಿಗೆಗಳ ಜೊತೆ ಅದನ್ನೂ ಬಸ್ಸಿನಿಂದ ಇಳಿಸಿದ್ದರು. ತೆಳ್ಳನೆಯ ಮರದ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ಬಾಗಿಸಿದ ಪೂರ್ತಿ ಮರದ ಬ್ಯಾಟು. ಆಟ ಮುಗಿದ ಕೂಡಲೇ ಅದನ್ನು ಮರದ ಚೌಕಟ್ಟಿನೊಳಗಿಟ್ಟು ನಾಲ್ಕು ಮೂಲೆಯ ಚಿಟ್ಟೆ ನಟ್ಟು ಬಿಗಿಯುತ್ತಿದ್ದರು. ಬಿಗಿಯದಿದ್ದರೆ ಥಂಡಿಗೆ ಮರ ಸೊಟ್ಟಗಾಗುತ್ತದೆ ಎನ್ನುತ್ತಿದ್ದರು. ನಮ್ಮ ಮಲೆನಾಡಿನ ಥಂಡಿ ಮೈಸೂರಿನದ್ದಲ್ಲವೆಂದು ಅವರಿಗೆ ಗೊತ್ತಾಗಿದ್ದು ಮೊದಲ ಮಳೆಗಾಲದಲ್ಲಿ.

ಅದರ ಗಟ್ಟು ನೈಲಾನಿನದಲ್ಲ. ಒಂದು ಸಂಜೆ ಅಜ್ಜಿ ಜಗುಲಿಯಲ್ಲಿ ಕೂತು ಬತ್ತಿ ಹೊಸೆಯುತ್ತ, "ಮಾಸ್ತರೇ, ಆ ದಾರ ಎಂಥದ್ದು, ಎಷ್ಟು ಚೆಂದ ಹೊಳೀತದಲ್ಲ?" ಎಂದು ಕೇಳಿದರು. ಮಾಸ್ತರು ಪ್ರಾಮಾಣಿಕರು. "ಕರುಳಿನದಮ್ಮ, ಕುರಿ ಅಥವಾ ದನದ್ದು" ಎಂದುಬಿಟ್ಟರು. ಅಜ್ಜಿ ಬತ್ತಿ ಅಲ್ಲೇ ಬಿಟ್ಟು ಎದ್ದರು. ಆಮೇಲೆ ನಡೆದದ್ದು ಕೇರಿಗೆಲ್ಲ ತಿಳಿದ ಕಥೆ. ಜಗುಲಿ ತೊಳೆದದ್ದಾಯಿತು, ನಾವೆಲ್ಲ ಬಾವಿಕಟ್ಟೆಯಲ್ಲಿ ಮಿಂದದ್ದಾಯಿತು, ಮಾಸ್ತರ ಬ್ಯಾಟಿಗೆ ಮನೆಯೊಳಗೆ ಪ್ರವೇಶ ತಪ್ಪಿತು. ಅಂಗಳದಲ್ಲಿ ಆಡಬಹುದು, ಮೆಟ್ಟಿಲು ಹತ್ತುವಂತಿಲ್ಲ. ಮಾಸ್ತರಿಗೆ ಮಾತ್ರ ಎಂದಿನಂತೆ ಕಾಫಿ, ಜೊತೆಗೆ ಹಲಸಿನ ಹಪ್ಪಳ. ಅಜ್ಜಿಯ ಸಿಟ್ಟಿದ್ದದ್ದು ಬ್ಯಾಟಿನ ಮೇಲೆ ಮಾತ್ರ.

ಕರುಳಿನ ಗಟ್ಟಿನ ಸೊಗಸೇ ಬೇರೆ. ಕಾಕು ಅದಕ್ಕೆ ತಾಗಿ ಒಂದು ಗಳಿಗೆ ಕೂತು ಹೊರಟಂತೆ ಅನಿಸುತ್ತಿತ್ತು. ಎಲ್ಲಿಗೆ ಬೇಕೋ ಅಲ್ಲಿಗೇ ಹೋಗುತ್ತಿತ್ತು. ಆದರೆ ಅದು ನೀರಿನ ಪಸೆ ಹೀರಿಕೊಂಡು ಊದುತ್ತದೆ, ಬಿಗಿ ಕಳೆದುಕೊಳ್ಳುತ್ತದೆ, ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಆಷಾಢದ ಒಂದು ರಾತ್ರಿ ಯಾರೂ ಮುಟ್ಟದೆಯೇ ಬೀರುವಿನೊಳಗೆ ಟಣ್ಣೆಂದು ಹರಿಯಿತಂತೆ. ಮಾಸ್ತರು ಕಳ್ಳ ಬಂದನೆಂದು ಎದ್ದು ಕೂತರಂತೆ. ಮಳೆ ಕಳೆದ ಮೇಲೆ ಸಾಗರದಲ್ಲಿ ನೈಲಾನ್ ಗಟ್ಟು ಹಾಕಿಸಿಕೊಂಡು ಬಂದರು. ಅಜ್ಜಿಗೆ ಸುದ್ದಿ ಮುಟ್ಟಿಸಿದೆವು. ಬ್ಯಾಟಿಗೆ ಜಗುಲಿಯವರೆಗೆ ಅನುಮತಿ ಸಿಕ್ಕಿತು.

ಬ್ಯಾಟು ಹಿಡಿಯುವುದನ್ನು ನಮಗೆ ಕಲಿಸಿದವರೂ ಅವರೇ. ನಾವು ದೋಸೆ ಮಗುಚುವ ಸಟ್ಟುಗದಂತೆ ಹಿಡಿಯುತ್ತಿದ್ದೆವು. "ಅದಕ್ಕೆ ಶೇಕ್‌ಹ್ಯಾಂಡ್ ಕೊಡ್ರಪ್ಪ, ಕತ್ತು ಹಿಸುಕಬೇಡಿ" ಎಂದು ಒಬ್ಬೊಬ್ಬರ ಬೆರಳನ್ನೂ ಬಿಡಿಸಿ ಕೂರಿಸಿದ್ದರು. ಹೊಡೆಯುವ ಗಳಿಗೆಯಲ್ಲಿ ಮಾತ್ರ ಬಿಗಿ, ಉಳಿದಂತೆ ಸಡಿಲ. ಗರಿಯ ಕಾಕುಗಳ ಡಬ್ಬಿಯನ್ನು ಕುದಿಯುವ ನೀರಿನ ಹಬೆಗೆ ಹಿಡಿದರೆ ಹದಿನಾರು ಗರಿಯೂ ಮೆದುವಾಗಿ ಬೇಗ ಮುರಿಯವು ಎಂಬ ಗುಟ್ಟನ್ನು ಹೇಳಿಕೊಟ್ಟದ್ದೂ ಅವರೇ. ನಾವಂತೂ ಎಂಟೇ ಗರಿ ಉಳಿದ ಕಾಕಿನಲ್ಲೂ ಆಡಿದವರು. ಅದು ಎತ್ತ ತಿರುಗೀತೆಂದು ಊಹಿಸುವುದರಲ್ಲಿ ನಮ್ಮ ಕೇರಿಯವರನ್ನು ಮೀರಿಸುವವರಿರಲಿಲ್ಲ.

1980ರ ಮಾರ್ಚ್ 23ರಂದು ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದರು. ಹಿಂದಿನ ಎರಡು ವರ್ಷವೂ ಪಟ್ಟ ಹಿಡಿದಿದ್ದ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಎದುರು 15-3, 15-10. ರೇಡಿಯೋದಲ್ಲಿ ಕೇಳಿದ ಸುದ್ದಿಯನ್ನು ಮಾಸ್ತರು ಟಪಾಲಿನ ಜೊತೆ ಮನೆಮನೆಗೆ ಹೇಳಿ ಕಳಿಸಿದರು. ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲಿನಲ್ಲಿ ಆಡಿ ಬೆಳೆದ ಹುಡುಗ ಎಂದು ಅವರು ಹೇಳಿದ್ದೇ ನಮಗೆ ಹಿಡಿಸಿದ್ದು. ಮದುವೆಯಿದ್ದ ದಿನ ಆಟವಿಲ್ಲ ಎಂಬ ಕಷ್ಟ ಅಡಿಕೆ ಅಂಗಳದ ನಮಗಿಂತ ಚೆನ್ನಾಗಿ ಇನ್ನಾರಿಗೆ ಅರ್ಥವಾದೀತು? ಕಿಂಗ್ ಹಾರಿ ಹಾರಿ ಸ್ಮ್ಯಾಶ್ ಹೊಡೆಯುವವರು, ಪ್ರಕಾಶ್ ಆ ವೇಗವನ್ನೇ ಇಳಿಸಿ, ನೆಟ್ಟಿನ ಮಗ್ಗುಲಿಗೂ ಮೂಲೆಗೂ ಕಾಕು ಇಟ್ಟು ಗೆದ್ದವರು ಎಂದು ಮಾಸ್ತರು ವಿವರಿಸಿದರು. ಆ ವಾರ ನಮ್ಮ ಅಂಗಳದಲ್ಲಿ ಒಬ್ಬರೂ ಸ್ಮ್ಯಾಶ್ ಹೊಡೆಯಲಿಲ್ಲ. ಎಲ್ಲರೂ ಡ್ರಾಪ್ ಹಾಕುವವರೇ. ಕಾಕುಗಳು ಸಾಲಾಗಿ ನೆಟ್ಟಿಗೆ ಬಿದ್ದವು.

ಆ ಬೇಸಿಗೆಯಲ್ಲೇ ಅಣ್ಣನ ಮದುವೆ. ಅತ್ತಿಗೆ ಶಿರಸಿ ಕಡೆಯವರು, ಕಾಲೇಜಿನಲ್ಲಿ ಉಣ್ಣೆ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಆಡಿದವರು. ಇದು ನಮಗೆ ತಿಳಿದದ್ದು ಮದುವೆಯಾಗಿ ತಿಂಗಳಾದ ಮೇಲೆ. ಜಗುಲಿಯಲ್ಲಿ ನಿಂತು ನೋಡುತ್ತಿದ್ದವರು ಅಜ್ಜಿ ತೋಟಕ್ಕೆ ಹೋದ ಒಂದು ಸಂಜೆ ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದರು. ಬ್ಯಾಟುಗಳನ್ನೆಲ್ಲ ಒಂದೊಂದಾಗಿ ಎತ್ತಿ, ಕೋಲನ್ನು ತೋರುಬೆರಳಿನ ಮೇಲೆ ಅಡ್ಡ ಇಟ್ಟು, ಯಾವುದು ತಲೆಯ ಕಡೆ ವಾಲುತ್ತದೆ, ಯಾವುದು ಹಿಡಿಕೆಯ ಕಡೆ ಎಂದು ನೋಡಿದರು. ನಾವು ವರ್ಷಗಟ್ಟಲೆ ಅವೇ ಬ್ಯಾಟುಗಳಲ್ಲಿ ಆಡಿದ್ದೆವು, ಹೀಗೊಂದು ಪರೀಕ್ಷೆ ಇದೆಯೆಂದು ಮಾಸ್ತರೂ ಹೇಳಿರಲಿಲ್ಲ. ಕೊನೆಗೆ ಅವರು ಆರಿಸಿದ್ದು ಯಾರಿಗೂ ಬೇಡವಾಗಿದ್ದ ಒಂದು ಜಾತ್ರೆ ಬ್ಯಾಟನ್ನು. "ಕಟಕಟ ಅಂದ್ರೆ ಅನ್ಲಿ, ತಲೆ ಹಗುರ ಇದ್ದು. ಕೈ ಬೇಗ ತಿರುಗ್ತು" ಎಂದರು.

ಮರುದಿನದಿಂದ ಆ ಬ್ಯಾಟಿಗೆ ಜಗಳ. ಅವರು ನೆಟ್ಟಿನ ಹತ್ತಿರ ನಿಂತು ಮಣಿಕಟ್ಟು ಮಾತ್ರ ಆಡಿಸಿ ಕಾಕನ್ನು ಹಿಂದಕ್ಕೆ ಕಳಿಸುವುದನ್ನು ಕಂಡ ಮೇಲೆ ಎಲ್ಲರಿಗೂ ಅದೇ ಬೇಕು. ಅಣ್ಣ ಎತ್ತರದ ಆಳು, ಹಿಂದೆ ನಿಂತು ಎತ್ತಿ ಹೊಡೆಯುವವನು. ಹೆಂಡತಿಯ ಬ್ಯಾಟು ಹಿಡಿದು ಒಂದಾಟ ಆಡಿ, ಕಾಕು ಅರ್ಧಕ್ಕೇ ಬೀಳುವುದನ್ನು ನೋಡಿ ಸುಮ್ಮನೆ ಚಿಕ್ಕಪ್ಪನ ಮರದ ತಲೆಯದಕ್ಕೆ ಮರಳಿದ. ಹೀಗೆ ಬ್ಯಾಟು ಕೈಯಿಂದ ಕೈಗೆ ಹೋಗುತ್ತ ನಾವು ಒಬ್ಬರ ತೋಳನ್ನು ಒಬ್ಬರು ತಿಳಿದುಕೊಂಡೆವು. ಮೇಲಿನಮನೆ ಭಾವನಿಗೆ ದಪ್ಪ ಹಿಡಿಕೆ ಆಗದು, ನನಗೆ ಭಾರದ್ದಾದರೆ ಮೂರನೇ ಆಟಕ್ಕೆ ಭುಜ ಸೋಲುತ್ತದೆ. ಕತ್ತಲಲ್ಲಿ ಕಣ್ಣು ಮುಚ್ಚಿ ಬ್ಯಾಟು ಬೀಸಿದರೂ ಇದು ಯಾವುದೆಂದು ಹೇಳಬಲ್ಲವರಾಗಿದ್ದೆವು.

ಈಗ ಅದೆಲ್ಲವನ್ನೂ ಬ್ಯಾಟಿನ ಮೇಲೆಯೇ ಬರೆದಿರುತ್ತಾರೆ. ತೂಕಕ್ಕೆ 3ಯು, 4ಯು, 5ಯು: ಯೋನೆಕ್ಸ್ ಲೆಕ್ಕದಲ್ಲಿ 3ಯು ಅಂದರೆ 85ರಿಂದ 89 ಗ್ರಾಂ, 4ಯು 80ರಿಂದ 84, 5ಯು ಅದಕ್ಕೂ ಕಡಿಮೆ. ಹಿಡಿಕೆಯ ಗಾತ್ರಕ್ಕೆ ಜಿ4, ಜಿ5, ಸಂಖ್ಯೆ ಏರಿದಷ್ಟೂ ಹಿಡಿಕೆ ಸಣ್ಣ. ತಲೆ ಭಾರವೋ ಹಗುರವೋ, ಕೋಲು ಬಾಗುವುದೋ ಸೆಟೆದು ನಿಲ್ಲುವುದೋ, ಎಲ್ಲಕ್ಕೂ ಗುರುತು. ನಮ್ಮ ಮರದ ಬ್ಯಾಟುಗಳು ನೂರು ಗ್ರಾಮಿನ ಮೇಲಿದ್ದವು, ಇಂದಿನ ಕಾರ್ಬನ್ ಬ್ಯಾಟು ಕೈಯಲ್ಲಿದ್ದದ್ದೇ ತಿಳಿಯದು. ಆದರೂ ಅಂಗಡಿಯಲ್ಲಿ ನಮ್ಮ ವಯಸ್ಸಿನವರು ಚಾಂಪಿಯನ್ನರ ಸಹಿಯಿರುವ, ತಲೆ ಭಾರದ, ಸೆಟೆದ ಕೋಲಿನ ಬ್ಯಾಟನ್ನೇ ಕೇಳುವುದನ್ನು ನೋಡಿದರೆ ನಗು ಬರುತ್ತದೆ. ಆ ಕೋಲು ಬಾಗಿ ಚಿಮ್ಮಬೇಕಾದರೆ ದಿನಕ್ಕೆ ನಾಲ್ಕು ತಾಸು ಪಳಗಿದ ಮಣಿಕಟ್ಟು ಬೇಕು. ಸಂಜೆ ಒಂದು ಗಂಟೆ ಆಡುವವರಿಗೆ ಸ್ವಲ್ಪ ಬಾಗುವ ಕೋಲೇ ಸಹಾಯಕ್ಕೆ ಬರುವುದು, ನಿಧಾನದ ತೋಳಿಗೆ ಅದು ತನ್ನ ಚಿಮ್ಮನ್ನು ಸೇರಿಸಿ ಕೊಡುತ್ತದೆ. ಗಟ್ಟಿನ ಬಿಗಿಯೂ ಹಾಗೆ. 28 ಪೌಂಡ್ ಬಿಗಿಸಿಕೊಂಡು ಬಂದು ಮೊಣಕೈ ನೋವೆಂದು ಎಣ್ಣೆ ತಿಕ್ಕಿಕೊಳ್ಳುವವರನ್ನು ಬಲ್ಲೆ. 20ರಿಂದ 22ಕ್ಕೆ ಹಾಕಿಸಿದರೆ ಕಾಕು ತಾನಾಗಿ ಹಾರುತ್ತದೆ, ನಡುವಿಗೆ ಸರಿಯಾಗಿ ತಾಗದ ಹೊಡೆತವೂ ಗೆರೆ ಮುಟ್ಟುತ್ತದೆ.

ಮಾಸ್ತರು ಮತ್ತೆ ವರ್ಗವಾಗಿ ಹೋದರು, ಚಿಟ್ಟೆ ನಟ್ಟಿನ ಚೌಕಟ್ಟಿನ ಸಮೇತ. ಭಾವ ಬೆಂಗಳೂರು ಸೇರಿದ, ನಾನೂ ಊರು ಬಿಟ್ಟೆ. ಅಣ್ಣ ಅತ್ತಿಗೆ ಮಾತ್ರ ಊರಲ್ಲೇ ಇದ್ದಾರೆ. ಈ ವರ್ಷ ಅಡಿಕೆ ಮುಗಿದ ಮೇಲೆ ಮೊಮ್ಮಕ್ಕಳಿಗೋಸ್ಕರ ಮತ್ತೆ ಗೆರೆ ಎಳೆಸಿದ ಅಣ್ಣ, ನನ್ನನ್ನೂ ಕರೆದುಕೊಂಡು ಸಾಗರಕ್ಕೆ ಹೋಗಿ ಒಂದೇ ಥರದ ಎರಡು ಬ್ಯಾಟು ಕೊಂಡ. ಎರಡೂ 4ಯು, ಎರಡೂ ತಲೆ ಹಗುರ, ಬಣ್ಣವೂ ಒಂದೇ. "ಈ ಸಲ ಜಗಳ ಬ್ಯಾಡ" ಎಂಬುದು ಅವನ ಲೆಕ್ಕಾಚಾರ.

ಅತ್ತಿಗೆ ಕನ್ನಡಕ ಸರಿಮಾಡಿಕೊಂಡು ಎರಡನ್ನೂ ಒಂದೊಂದು ಸಲ ಬೀಸಿದರು. "ಯಂಗೆ ಇದು ಅಡ್ಡಿಲ್ಲೆ. ಅದು ಭಾರ."

"ಎರಡೂ ಒಂದೇ ಅಲ್ದನೇ!" ಅಣ್ಣನಿಗೆ ಸಿಟ್ಟು.

ಸೊಸೆ ಕೇಕು ಮಾಡಲು ಇಟ್ಟುಕೊಂಡಿದ್ದ ಪುಟ್ಟ ತಕ್ಕಡಿ ತಂದಳು. ಒಂದೊಂದಾಗಿ ಇಟ್ಟು ನೋಡಿದೆವು. ಮೂರು ಗ್ರಾಂ ವ್ಯತ್ಯಾಸ. ಅತ್ತಿಗೆ ಹಗುರದ್ದನ್ನು ಎತ್ತಿಕೊಂಡು ಮೆಟ್ಟಿಲಿಳಿದರು. "ತಮಾ, ಹಂಗಾದ್ರೆ ಇನ್ನೊಂದನ್ನ ನೀ ತಗ" ಎಂದು ಅಣ್ಣ ಭಾರದ್ದನ್ನು ನನಗೆ ದಾಟಿಸಿ, ತಾನು ಮೊಮ್ಮಗನ ಬ್ಯಾಟಿಗೆ ಕೈ ಹಾಕಿದ. ಮೊಮ್ಮಗ ಕೊಡಲಿಲ್ಲ.