ಚಂದ್ರನಂಗಳದ ಜೀಕು

2023ರ ಅಕ್ಟೋಬರ್ 9. ಚಂದ್ರನಿಂದ ಬರೀ 150 ಕಿ.ಮೀ. ಎತ್ತರ. ವೇಗ ಸೆಕೆಂಡಿಗೆ ಒಂದೂವರೆ ಕಿ.ಮೀ.ಗೂ ಮಿಕ್ಕಿ. ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲ್ 2.1 ತಾಸಿಗೊಂದು ಸುತ್ತು ಹಾಕುತ್ತಿದೆ, ಒಂಟಿಯಾಗಿ. ಟ್ಯಾಂಕಿನಲ್ಲಿ ನೂರು ಕಿಲೋಗೂ ಹೆಚ್ಚು ಇಂಧನ ಉಳಿದಿದೆ. ಅಲ್ಲೇ ಬಿಟ್ಟರೆ ಮುಂದೊಂದು ದಿನ ಚಂದ್ರನಿಗೆ ಅಪ್ಪಳಿಸೀತು. ಲೆಕ್ಕ ತಪ್ಪಿ ಭೂಮಿಯತ್ತ ಮರಳಿದರೆ 36,000 ಕಿ.ಮೀ. ಎತ್ತರದ ಉಪಗ್ರಹಗಳ ಹಾದಿಗೆ ನುಗ್ಗೀತು. ಎರಡೂ ಆಗಕೂಡದು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ತಂಡ ಇದಕ್ಕೆಂದೇ ಹೊಸ ಲೆಕ್ಕದ ಸಾಧನ ಕಟ್ಟಿತ್ತು. ಅದರ ಪರೀಕ್ಷೆಯೂ ಈ ಪಯಣದಲ್ಲೇ!

ಎಂಜಿನ್ ಯಾವಾಗ ಹೊತ್ತಿಸಬೇಕು? ಬೀಳಗಿಯಿಂದ ರಬಕವಿ-ಬನಹಟ್ಟಿಯವರೆಗೆ ಪಂಚಮಿ ಜೋಕಾಲಿ ಆಡಿದ ಯಾರಿಗೂ ಇದು ಗೊತ್ತು. ಬೇವಿನ ಟೊಂಗೆ ಕಿರ್ ಎನ್ನುತ್ತದೆ. ತುದಿಯಲ್ಲಿ ಕುಕ್ಕರಿಸಿದ ಹುಡುಗಿ, ಜೋಕಾಲಿ ತಳದಲ್ಲಿ ರೊಂಯ್ಯನೆ ಹಾಯುವ ಗಳಿಗೆಗೇ ಮೊಣಕಾಲು ಸೆಟೆಸಿ ಎದ್ದು ಜೀಕುತ್ತಾಳೆ. ಮೇಲೆ ನಿಂತಂತಾದಾಗ ಎಷ್ಟು ಒದ್ದಾಡಿದರೂ ವ್ಯರ್ಥ. ನೌಕೆಗೂ ಹಾಗೆಯೇ: ಚಂದ್ರನಿಗೆ ತೀರ ಸಮೀಪ, ವೇಗ ಗರಿಷ್ಠ ಇದ್ದಾಗ ಸುಟ್ಟ ಇಂಧನವೇ ಅತಿ ಹೆಚ್ಚು ಶಕ್ತಿ ಕೊಡುತ್ತದೆ. ರಾಕೆಟ್ ವಿಜ್ಞಾನಿ ಹರ್ಮನ್ ಒಬರ್ತ್ ಹೇಳಿದ್ದೂ ಇದನ್ನೇ.

1968ರ ಕ್ರಿಸ್‌ಮಸ್ ದಿನ ಅಪೊಲೊ-8ರ ಗಗನಯಾತ್ರಿಗಳಾದ ಬೋರ್ಮನ್, ಲೊವೆಲ್, ಆ್ಯಂಡರ್ಸ್ ಚಂದ್ರನ ಬೆನ್ನ ಹಿಂದೆ, ರೇಡಿಯೊ ಮುಟ್ಟದ ಕಡೆ ಹೀಗೇ ಜೀಕಿದ್ದರು. ಇರುವುದೊಂದೇ ಎಂಜಿನ್. ಅದು ಹೊತ್ತದಿದ್ದರೆ ಮೂವರಿಗೂ ಮನೆಯಿಲ್ಲ!

ನಮ್ಮ ನೌಕೆಯಲ್ಲಿ ಜೀವವಿರಲಿಲ್ಲ, ನಿಜ. ಆದರೂ ನನಗೊಂದು ಕೊರಗಿದೆ. 2023ರ ಪಂಚಮಿ ಆಗಸ್ಟ್ 21ಕ್ಕೆ. 23ರ ಸಂಜೆ ಲ್ಯಾಂಡರ್ ವಿಕ್ರಮ ಚಂದ್ರನ ಮೇಲೆ ಇಳಿದ. ಇಳಿದವನನ್ನು ಊರೆಲ್ಲ ಕುಣಿದು ಕೊಂಡಾಡಿತು. ಅವನನ್ನು ಅಲ್ಲಿಯವರೆಗೆ ಹೊತ್ತೊಯ್ದು ಮೇಲೇ ಉಳಿದದ್ದನ್ನು ಯಾರೂ ಕೇಳಲಿಲ್ಲ.

ಅದು ಜೀಕಿತು. ಮೊದಲ ಜೀಕಿಗೆ ಕಕ್ಷೆಯ ತುದಿ 5,112 ಕಿ.ಮೀ.ಗೆ ಚಿಮ್ಮಿತು, ಒಂದು ಸುತ್ತಿಗೆ 7.2 ತಾಸು. ಅಕ್ಟೋಬರ್ 13, ಇನ್ನೊಂದು ಜೀಕು, ಭೂಮಿಯತ್ತ! ಚಂದ್ರ ಸುಲಭಕ್ಕೆ ಬಿಡಲಿಲ್ಲ. ನಾಲ್ಕು ಸಲ ಅವನ ಪಕ್ಕದಿಂದಲೇ ಹಾಯ್ದು, ನವೆಂಬರ್ 10ರಂದು ಅವನ ಸೆಳೆತದ ಸೀಮೆ ದಾಟಿತು. 22ರಂದು ಭೂಮಿಗೆ 1.54 ಲಕ್ಷ ಕಿ.ಮೀ. ಸಮೀಪ ಬಂದು, ಸುಮಾರು ಹದಿಮೂರು ದಿನಕ್ಕೊಂದು ಸುತ್ತಿನ ದೊಡ್ಡ ಜೋಕಾಲಿಯಲ್ಲಿ ಮತ್ತೆ ಮೇಲಕ್ಕೆ ತೂಗಿ ಹೋಯಿತು.